ಕೆಂಪು ಹರಡಿದ ತೋಳು

ನನ್ನ ತಂಗಿ ಮಾದೇವಮ್ಮನ ತೋಳಿನ ಮೇಲೆ ಬಿಳಿಚಿದ ಮಚ್ಚೆ ಕಂಡದ್ದೇ ತಡ, ಅವಳ ಅತ್ತೆ ಚಿಕ್ಕನಿಂಗಮ್ಮ ದೊಡ್ಡರೋಗವೆಂದು, ಅಂದರೆ ಕುಷ್ಠವೆಂದು, ತೀರ್ಪು ಕೊಟ್ಟುಬಿಟ್ಟಳು. ತಟ್ಟೆ ಬೇರೆಯಾಯಿತು, ಚಾಪೆ ಬೇರೆಯಾಯಿತು. ಎದೆಹಾಲಿನ ಕೂಸನ್ನೂ ಕಿತ್ತುಕೊಂಡು ಮೇಕೆಹಾಲು ಕುಡಿಸತೊಡಗಿದಳು. ಕೂಸು ಅತ್ತಾಗಲೆಲ್ಲ ತಂಗಿಯ ರವಿಕೆ ನೆನೆಯುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. "ಏನ್ ರೋಗ ಅಂತ ಡಾಕ್ಟ್ರು ಏಳ್ಲಿ, ನೀನೂ ಬಾ" ಎಂದು ತಂಗಿಯ ಜೊತೆ ಮುದುಕಿಯನ್ನೂ ಕೂಸಿನ ಸಮೇತ ಅಜ್ಜೀಪುರದಲ್ಲಿ ಕೊಳ್ಳೇಗಾಲದ ಬಸ್ಸು ಹತ್ತಿಸಿದೆ. ಅರವತ್ತಮೂರನೇ ಇಸವಿ ಅದು.

ಆಸ್ಪತ್ರೆಯಲ್ಲಿ ಡಾಕ್ಟರು ರುದ್ರಸ್ವಾಮಿ ತಂಗಿಯ ಮಚ್ಚೆಯ ಮೇಲೆ ನೀರಿನಂಥ ಔಷಧಿಯ ಒಂದು ಹನಿ ಬಿಟ್ಟು, ಅದರ ಮೂಲಕವೇ ಸೂಜಿ ಚುಚ್ಚಿದರು. ಚುಚ್ಚಿದ ಕಡೆ ಕೆಂಪಾಯಿತು. ಆಮೇಲೆ ಸೂಜಿ ಮುಟ್ಟದ ಕಡೆಗೂ ಕೆಂಪು ಹರಡತೊಡಗಿತು.

"ಅಕ್ಕಾ, ಅರಡ್ತಾ ಐತೆ!" ಎಂದು ತಂಗಿ ಕಿರುಚಿದಳು. ಚಿಕ್ಕನಿಂಗಮ್ಮ ಕೂಸನ್ನು ಅವಚಿಕೊಂಡು ಹಿಂದೆ ಸರಿದಳು. ನಾನು ಸುಮ್ಮನಿರುವವಳೇ? "ಇರೋ ರೋಗ್ವ ಇನ್ನೂ ಬೆಳೆಸ್ಬುಟ್ರಲ್ಲ ಸಾ!" ಎಂದು ಹರಿಹಾಯ್ದೆ.

ಡಾಕ್ಟರು ನಕ್ಕರು. "ಹರಡಲಿ ಅಂತಲೇ ಕಾಯ್ತಿದ್ದೆ ಕಣಮ್ಮ. ಚರ್ಮದೊಳಗೆ ಕಾವಲಿನ ಕಣಗಳಿವೆ. ಏನಾದರೂ ಕಚ್ಚಿದರೆ ನಾನು ಬಿಟ್ಟ ಈ ಹನಿಯಂಥದೇ ರಸ ಕಕ್ಕುತ್ತವೆ. ನರಕ್ಕೆ ಸುದ್ದಿ ಮುಟ್ಟುತ್ತೆ, ಅದು ಸುತ್ತಲೂ ಸಾರುತ್ತೆ, ರಕ್ತ ಓಡಿಬರುತ್ತೆ."

"ಅಂದ್ರೆ ನಮ್ಮ ಅಟ್ಟಣೆ ಕೂಗು ಇದ್ದಂಗೆ" ಎಂದಳು ಚಿಕ್ಕನಿಂಗಮ್ಮ. "ಆನೆ ಬಂದ್ರೆ ಕಾವಲಿನೋನು ಕೂಗ್ತಾನೆ. ಕೂಗು ಒಲದಿಂದ ಒಲಕ್ಕೆ ಓಯ್ತದೆ, ಜನ ಪಂಜು ಇಡ್ಕಂಡು ಓಡ್ಬತ್ತಾರೆ. ಕೂಗೋನೇ ಸತ್ತೋಗಿದ್ರೆ?"

"ಯಾರೂ ಬರಲ್ಲ. ದೊಡ್ಡರೋಗದ ಮಚ್ಚೆಯಲ್ಲಿ ನರ ಸತ್ತಿರುತ್ತೆ, ಹೀಗೆ ಕೆಂಪು ಹರಡಲ್ಲ. ಇದು ಬರೀ ಚಿಬ್ಬು. ಆ ರೋಗವೇ ಆಗಿದ್ದರೂ ಮಾತ್ರೆ ಇದೆ. ತಾಯಿ ಮಗೂನ ಅಗಲಿಸಬೇಕಾಗಿರಲಿಲ್ಲ."

ನನ್ನ ಕೋಪ ಎಲ್ಲಿ ಹೋಯಿತೋ! ಚರ್ಮವೆಂದರೆ ಮೈಗೆ ಹೊದಿಸಿದ ಬಟ್ಟೆ ಎಂದುಕೊಂಡಿದ್ದೆ. ಅದರೊಳಗೆ ಇಷ್ಟು ಜನ ಎಚ್ಚರವಾಗಿದ್ದಾರೆಯೇ? ನಾವು ನಿದ್ದೆ ಹೋದಾಗಲೂ ಕಾಯುತ್ತಾರೆಯೇ? ತಂಗಿಯ ತೋಳಿಗೆ ಕೈಮುಗಿಯಬೇಕೆನಿಸಿತು, ನಾಚಿಕೆಯಾಗಿ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಮುದುಕಿ ಅಷ್ಟಕ್ಕೆ ಒಪ್ಪುವ ಪೈಕಿಯಲ್ಲ. ಸೆರಗು ಸರಿಸಿ ತನ್ನ ತೋಳು ಚಾಚಿದಳು. "ನಂಗೂ ಆಕಿ ಸಾ, ನೋಡ್ತೀನಿ."

ಡಾಕ್ಟರು ಹನಿ ಬಿಟ್ಟು ಚುಚ್ಚಿದರು. ಅವಳ ಸುಕ್ಕುಗಟ್ಟಿದ ಚರ್ಮದಲ್ಲೂ ಕೆಂಪು ಎದ್ದು, ಮೆಲ್ಲಗೆ ಹರಡಿತು. ಅವಳು ತನ್ನ ತೋಳನ್ನು ಸೊಸೆಯ ತೋಳಿನ ಪಕ್ಕಕ್ಕಿಟ್ಟು ಬಹಳ ಹೊತ್ತು ನೋಡಿದಳು. ಒಂದಕ್ಕೊಂದು ತಗುಲಿದ್ದು ಅವಳ ಗಮನಕ್ಕೂ ಬರಲಿಲ್ಲ.

ಕೂಸು ರಾಗ ತೆಗೆಯಿತು. ಚಿಕ್ಕನಿಂಗಮ್ಮ ಅದನ್ನೆತ್ತಿ ಸೊಸೆಯ ಮಡಿಲಿಗೆ ಹಾಕಿದಳು.

"ಅಸ್ಕಂಡದೆ" ಎಂದಳು. "ಆಲು ಕೊಡು."