ಉತ್ತರ ಕೊಡದ ಅಕ್ಕ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳೇಕೆ ಹೇಳಲಿ? ಪುಣೆಯ ಧನಕವಡಿಯ ನಮ್ಮ ಆಫೀಸಿನಿಂದ ಯಾದಗಿರಿ ಕಡೆಯ ರೈತರಿಗೆ ದಿನಾ ಬೆಳಿಗ್ಗೆ ಫೋನ್ ಹೋಗುತ್ತದೆ. ಬೆಳೆಯ ಬಗ್ಗೆ ಎರಡು ನಿಮಿಷದ ಸಲಹೆ, ಮೊದಲೇ ರೆಕಾರ್ಡ್ ಮಾಡಿಟ್ಟ ನನ್ನ ದನಿ. ಅರ್ಧಕ್ಕರ್ಧ ಜನ ಹತ್ತೇ ಸೆಕೆಂಡಿಗೆ ಕಟ್ ಮಾಡುತ್ತಿದ್ದರು. ಗಂಟಲು ಹರಿದುಕೊಳ್ಳುವವಳು ನಾನು, ಕೇಳುವುದಕ್ಕೆ ಇವರಿಗೇನು ಧಾಡಿ ಎಂದು ಉರಿದುಹೋಗುತ್ತಿದ್ದೆ.

ಒಂದು ದಿನ, ಪಕ್ಕದ ಕಟ್ಟಡದಲ್ಲಿ ಉಸುಕು ಹೊರುವ ಯಾದಗಿರಿ ಕಡೆಯ ಯಂಕವ್ವ ನಮ್ಮಲ್ಲಿ ನೀರಿಗೆ ಬಂದವಳು, ನನ್ನ ಮಾತು ಕಿವಿಗೆ ಬಿದ್ದು ಕೊಡ ಕೆಳಗಿಟ್ಟು ನನ್ನನ್ನೇ ನೋಡಿದಳು.

“ದೀಪಾವಳಿಗೆ ಊರಿಗೆ ಹೋದಾಗ ಗಂಡನ ಫೋನಿನಾಗ ಕೇಳಿದ್ದೆ. ಆ ದನಿ ನಿಮ್ಮದೇನ್ರಿ?”

“ಹೌದು, ನಂದ,” ಎಂದೆ, ಸ್ವಲ್ಪ ಬೀಗಿಯೇ.

“ಮತ್ತ ಅಂವ ‘ಆರಾಮ ಅದೀರೇನ್ರಿ’ ಅಂದ್ರ ಯಾಕ ಸುಮ್ಮನಿರ್ತೀರಿ? ಭಾಳ ಸೊಕ್ಕಿನಾಕಿ ಅಂತ ಕಟ್ ಮಾಡ್ತಾನ!”

ನನಗೆ ನಗು ಬಂತು, ಅವಳಿಗೆ ಬರಲಿಲ್ಲ. ಅವರ ಎರಡೆಕರೆ ತೊಗರಿಗೆ ಕಾಯಿಕೊರಕ ಹುಳ ಬಿದ್ದಿತ್ತು. ತೊಗರಿ ಕೈಗೆ ಬಂದರೆ ಎಳ್ಳಮಾಸಿ ಹಬ್ಬಕ್ಕೆ ಅವಳು ಊರು ಸೇರಬಹುದು, ಇಲ್ಲವೆಂದರೆ ಇನ್ನೊಂದು ವರ್ಷ ಇಲ್ಲೇ ಉಸುಕು.

“ಹುಳಕ್ಕ ಏನು ಮಾಡಬೇಕಂತ ನನ್ನ ಕೇಳಿ ನೀನ ಹೇಳಬಾರದೇನವ್ವಾ ಅವರಿಗೆ?”

“ಪುಣೆದಾಗ ಕುಂತು ಹೊಲ ನೋಡ್ತೀಯೇನ ಅಂತಾನ್ರಿ.”

ನನಗೇ ನಾಚಿಕೆಯಾಯಿತು. ಅಂದೇ ಹೊಸದಾಗಿ ರೆಕಾರ್ಡ್ ಮಾಡಿದೆ. ಮೊದಲು “ಆರಾಮ ಅದೀರೇನ್ರಿ?” ಎಂದು ಕೇಳಿ ಐದು ಸೆಕೆಂಡು ಸುಮ್ಮನಿದ್ದು, “ನಾವೂ ಆರಾಮ ಅದೀವ್ರಿ” ಎಂದೆ. ಆಮೇಲೆಯೇ ಗಿಡದ ಬುಡಕ್ಕೆ ಹಳೇ ಸೀರೆ ಹಾಸಿ, ಗಿಡ ಅಲ್ಲಾಡಿಸಿ ಹುಳ ಉದುರಿಸುವ ಮಾತು. ಕೊನೆಗೆ “ಮತ್ತೇನ್ರಿ?” ಎಂದು ಕೇಳಿ, ಅವರ ಮಾತು ದಾಖಲಾಗಲೆಂದು ಮತ್ತೆ ಸುಮ್ಮನಾದೆ. ಸುಮ್ಮನಿರುವುದಕ್ಕೂ ಕಂಪನಿ ದುಡ್ಡು ಕಟ್ಟಬೇಕೇ ಎಂದು ಕಂಪ್ಯೂಟರ್ ನೋಡಿಕೊಳ್ಳುವ ಸ್ವಪ್ನಿಲ್ ಮರಾಠಿಯಲ್ಲಿ ಗೊಣಗಿದ. ಗದರಿಸಿ ಕೂರಿಸಿದೆ.

ಮರುದಿನದಿಂದ ಯಂಕವ್ವನ ಗಂಡ ಅಂಬಣ್ಣ ಪೂರ್ತಿ ಎರಡು ನಿಮಿಷ ಕೇಳತೊಡಗಿದ. ಕೊನೆಯಲ್ಲಿ ಬರೀ “ಏನಿಲ್ರಿ” ಎಂದು ಇಟ್ಟುಬಿಡುತ್ತಿದ್ದ. ಹನ್ನೊಂದನೆಯ ದಿನ ಉದ್ದನೆಯ ಉತ್ತರ ಬಂತು. ಯಂಕವ್ವನನ್ನು ಕೂಗಿ ಕರೆದು ಕೇಳಿಸಿದೆ.

“ಹುಳ ಬಕೀಟ ತುಂಬ ಬಿದ್ದಾವ್ರಿ ಅಕ್ಕಾರ. ತೊಗರಿ ಉಳೀತು. ನಮ್ಮಾಕಿ ನಿಮ್ಮ ಪುಣೆದಾಗ ಅದಾಳ. ಆಕಿ ಇಲ್ದ ಮನಿ ಮನಿ ಅನ್ಸವಲ್ದು. ಬಂದುಬಿಡು ಅಂತ ಹೇಳ್ರಿ.”

ಯಂಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ನನ್ನ ಕಣ್ಣೂ ತುಂಬಿತು.

“ಇಪ್ಪತ್ತ ವರ್ಷದಾಗ ನನಗ ಒಮ್ಮೆನೂ ಹಿಂಗ ಅಂದಿಲ್ರಿ ಅಂವ,” ಎಂದಳು. “ಅವನ ಮಾತು ಇನ್ನೊಮ್ಮೆ ಹಚ್ರಿ.”