ಅನುಮಾನದ ಅಂಜೂರ

೧

ಬೇಸಿಗೆ ಮುಗಿಯುತ್ತ ಬಂದಿದೆ. ಜೆರ್ಬಾ ದ್ವೀಪದ ಯಹೂದಿಗಳ ಸಣ್ಣ ಕೇರಿಯಲ್ಲಿ ಮಾಳಿಗೆ ಮಾಳಿಗೆಯ ಮೇಲೂ ಕೆಂಪು ಮೆಣಸಿನಕಾಯಿ ಒಣಗುತ್ತಿದೆ. ಮೀಸ್ಕಾ ಮಂಡಿಯೂರಿ ಒಂದೊಂದನ್ನೇ ಮಗ್ಗುಲು ತಿರುವಿ ಹಾಕುತ್ತಿದ್ದಾಳೆ. ಕೆಳಗೆ ಅಂಗಳದಲ್ಲಿ ಅವಳ ಗಂಡ, ಬೆಳ್ಳಿ ಕೆಲಸದ ಖ್ಲೀಫಾ, ನೆಲತೊಟ್ಟಿಯಿಂದ ನೀರು ಸೇದಿ ಅಂಜೂರದ ಗಿಡಕ್ಕೆ ಹುಯ್ಯುತ್ತಿದ್ದಾನೆ.

(ಇಲ್ಲಿಂದ ಶುರುಮಾಡಬಹುದೇ? ಮೊದಲ ಡ್ರಾಫ್ಟಿನಲ್ಲಿ ಆಸ್ಪತ್ರೆಯಿತ್ತು. ‘ಡಾಕ್ಟರು ಕನ್ನಡಕ ತೆಗೆದು ಒರೆಸಿದರು’ ಎಂದು ಬರೆದಿದ್ದೆ. ಕಥೆಯೊಳಗೆ ಡಾಕ್ಟರು ಕನ್ನಡಕ ಒರೆಸಿದರೆ ಮುಂದಿನದು ನಿಮಗೂ ಗೊತ್ತು, ನನಗೂ ಗೊತ್ತು. ಮೀಸ್ಕಾ ಮಾಳಿಗೆಯ ಮೇಲಿಂದಲೇ ಗದರಿದಳು: “ಮೆಣಸಿನಕಾಯಿ ಕಣ್ಣಿಗೆ ಕಾಣ್ಸಲ್ವಾ ನಿಂಗೆ? ಅದ್ರಿಂದ ಶುರುಮಾಡು. ನನ್ ಮಗನ ಕಾಯಿಲೆಯಿಂದ ಬೇಡ.” ಹಾಗಾಗಿ ಮೆಣಸಿನಕಾಯಿ.)

೨

ಮಗ ಹುವಾತು ಜಗುಲಿಯ ನೆರಳಲ್ಲಿ, ಗಿಡದ ಕಡೆ ಮುಖ ಮಾಡಿ ಮಂಚದ ಮೇಲೆ ಮಲಗಿರುತ್ತಾನೆ. ಕೂದಲೆಳೆಯಂಥ ಬೆಳ್ಳಿ ತಂತಿಯನ್ನು ಸುರುಳಿ ಸುತ್ತಿ ಓಲೆ ಮಾಡುತ್ತಿದ್ದ ಹುಡುಗ. ಈಗ ಚಮಚವೂ ಬೆರಳಲ್ಲಿ ನಿಲ್ಲುವುದಿಲ್ಲ. ಸ್ಫಾಕ್ಸ್ ಊರಿನ ಡಾಕ್ಟರು ಇನ್ನು ಮನೆಯಲ್ಲೇ ಇರಲಿ ಎಂದಿದ್ದಾರೆ.

ಗಿಡ ಅವನೂ ಅಪ್ಪನೂ ಸೇರಿ ನೆಟ್ಟದ್ದು. ಪಕ್ಕದ ತೋಟದ ಸಾಸ್ಸಿ ತನ್ನ ಹಳೇ ಮರದಿಂದ ಒಂದು ಕಡ್ಡಿ ಮುರಿದುಕೊಟ್ಟಿದ್ದ. ಅದು ಹೋದ ವರ್ಷದ ಹಿಂದಿನ ಚಳಿಗಾಲ. “ಮೊದಲ ಹಣ್ಣು ನಂಗೆ,” ಎಂದಿದ್ದ ಮಗ. “ನಿಂಗೇ ಕಣೋ. ನನ್ ತಲೆ ಮೇಲೆ ಸಾಲ ಅಂತ ಇಟ್ಕೋ,” ಎಂದಿದ್ದ ಅಪ್ಪ. ನೆಟ್ಟು ಮೂರು ವರ್ಷ ತುಂಬುವವರೆಗೆ ಗಿಡದ ಹಣ್ಣು ಮುಟ್ಟುವಂತಿಲ್ಲ. ಅದು ದೇವರು ಹಾಕಿದ ಕಟ್ಟಳೆ. ತಿನ್ನಬಾರದು, ಮಾರಬಾರದು, ಕತ್ತೆಗೂ ಹಾಕಬಾರದು. ಕಾಯಿ ಮೂಡಿದರೆ ಚಿವುಟಿ ಹಾಕುವುದು ಕೇರಿಯ ರೂಢಿ. ಮೂರು ವರ್ಷ ಏನು ಮಹಾ ಎಂದುಕೊಂಡಿದ್ದರು ಇಬ್ಬರೂ.

ಈ ಸಲ ಗಿಡ ಕಾಯಿ ಬಿಟ್ಟಿತು. ಖ್ಲೀಫಾ ಚಿವುಟಲೆಂದು ಕೈ ಎತ್ತಿದ. ಮಗ ನೋಡುತ್ತಿದ್ದ. ಅಪ್ಪ ಎತ್ತಿದ ಕೈಯನ್ನು ಹಾಗೇ ಗಡ್ಡಕ್ಕೆ ತಂದು ಕೆರೆದುಕೊಂಡ.

೩

ನನ್ನ ಹತ್ತಿರ ಉಪಾಯವಿದೆ. ಕಥೆಗಾರನಿಗೆ ಇದೇನು ದೊಡ್ಡದಲ್ಲ. ನೋಡಿ:

ಮೂರು ವರ್ಷ ಕಳೆಯಿತು. ಗಿಡ ಗೋಡೆ ಮೀರಿ ಬೆಳೆದಿತ್ತು. ಕೈಗೆಟುಕುವಲ್ಲಿ ಹಣ್ಣು, ಕಟ್ಟಳೆಯ ಕಾಟವಿಲ್ಲ. ಜಗುಲಿಯ ಮಂಚದ ಮೇಲೆ ಮೆಣಸಿನಕಾಯಿ ಒಣಗಹಾಕಿದ್ದರು.

“ಅಳಿಸು,” ಎಂದಳು ಮೀಸ್ಕಾ. ಏಣಿ ಇಳಿದು ಬಂದಿದ್ದಳು. “ಮಂಚದ್ ಮೇಲೆ ಯಾಕೋ ಮೆಣಸಿನಕಾಯಿ?”

“ವಾಕ್ಯ ತಾನಾಗೇ ಹಂಗೆ ಬಂತು ಅಕ್ಕ.”

“ವರ್ಷ ಗಿಡಕ್ಕೆ ಹಾಕು. ನನ್ ಮಗನ್ ಲೆಕ್ಕದಿಂದ ಕೀಳ್ಬೇಡ.”

ಪ್ರಯತ್ನಿಸಿದೆ. ಆದರೆ ‘ಕಳೆಯಿತು’ ಎಂಬ ಕ್ರಿಯಾಪದ ಒಂದು ಸಲ ಮನೆಯೊಳಗೆ ಬಂದರೆ ಯಾರನ್ನೂ ಬಿಡುವುದಿಲ್ಲ. ಅಳಿಸಿದೆ.

೩, ಇನ್ನೊಮ್ಮೆ

ಮಧ್ಯಾಹ್ನ. ಔಷಧಿಯ ಮಂಪರು. ಸಮುದ್ರದ ಗಾಳಿ ಬಿಸಿಯಾಗಿ, ಉಪ್ಪುಪ್ಪಾಗಿ ಅಂಗಳದಲ್ಲಿ ಸುತ್ತಿ ಅಲ್ಲೇ ಮಲಗಿತು. ಹುವಾತುವಿಗೆ ಗಿಡ ತನ್ನ ಮಂಚದಡಿಯಿಂದಲೇ ಏಳುತ್ತಿರುವಂತೆ, ತನ್ನನ್ನು ಮೆಲ್ಲಗೆ ಎತ್ತಿ ಮಾಳಿಗೆಯ ಮೇಲಕ್ಕೆ, ಸುಣ್ಣದ ಗುಮ್ಮಟಗಳ ಮೇಲಕ್ಕೆ ಒಯ್ಯುತ್ತಿರುವಂತೆ ಅನಿಸಿತು. ಎಲೆಯ ನರಗಳೆಲ್ಲ ಬೆಳ್ಳಿ ತಂತಿ. ತಾನೇ ಬೆಸೆದದ್ದು. ಎಲ್ಲೋ ಒಂದು ಕಡೆ ಬೆಸುಗೆ ಬಾಕಿ. ಎಲ್ಲಿ ಎಂದು ಹುಡುಕುತ್ತಿದ್ದ.

“ಹಣ್ಣಾಗಿದೆ ಅಪ್ಪಾ,” ಎಂದ ಕಣ್ಣು ಬಿಡದೆ. “ವಾಸನೆ ಬರ್ತಿದೆ.”

೪

ಖ್ಲೀಫಾ ಕೇರಿಯ ಧರ್ಮಗುರು ರಬ್ಬಿ ಬುಗೀದರ ಬಳಿ ಹೋದ. ಅವರು ಬಟ್ಟೆ ಅಂಗಡಿಯಲ್ಲಿ ಕೂತು ಥಾನು ಸುತ್ತುತ್ತಿದ್ದರು.

“ತಿಂದ್ರೆ ಜೀವ ಉಳಿಯುತ್ತಾ?” ಕೇಳಿದರು. “ಉಳಿಯೋದಾದ್ರೆ ಈಗ್ಲೇ ಓಡು, ತಿನ್ನಿಸು.”

“ಇಲ್ಲ. ಆಸೆ, ಅಷ್ಟೇ.”

ರಬ್ಬಿ ಥಾನನ್ನು ಬಿಚ್ಚಿ ಮತ್ತೆ ಮೊದಲಿಂದ ಸುತ್ತತೊಡಗಿದರು. “ನಾವಿರೋದು ಪವಿತ್ರ ನಾಡಿನ ಹೊರಗೆ. ಇಲ್ಲಿ ಮೂರು ವರ್ಷದೊಳಗಿನ ಗಿಡದ್ದು ಅಂತ ಗೊತ್ತಿರೋ ಹಣ್ಣು ಮುಟ್ಟಂಗಿಲ್ಲ. ಅನುಮಾನದ ಹಣ್ಣು ತಿನ್ಬೋದು. ಹಿರಿಯರು ಅಷ್ಟು ಬಾಗಿಲು ತೆರೆದಿಟ್ಟಿದಾರೆ.”

“ನಂಗೆಲ್ಲಿ ಅನುಮಾನ ರಬ್ಬಿಗಳೇ? ನಾನೇ ನೆಟ್ಟಿದ್ದು.”

“ಅದೇ ಕಣಯ್ಯಾ ನಿನ್ ಕಷ್ಟ. ನಿಂಗೆ ಗೊತ್ತಿರೋದು ಜಾಸ್ತಿ ಆಯ್ತು.” ಅವನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿದರು: “ಇನ್ನೊಬ್ರು ಕಿತ್ತಿದ್ದನ್ನ ನೀನು ನೋಡ್ಲಿಲ್ಲ ಅಂದ್ರೆ ನಿಂಗೆ ಗೊತ್ತಿಲ್ಲ ಅಂತಾನೇ ಅರ್ಥ. ನಾನೇನೂ ಹೇಳ್ಲಿಲ್ಲ, ಹೋಗು.”

೫

ಮನೆಗೆ ಬಂದು ಅವನು ಹೆಂಡತಿಗೆ ಹೇಳಿದ. ಸಂಜೆ ಅವಳು ಗೋಡೆಯಾಚೆಗೆ ಕೂಗಿದಳು. “ಸಾಸ್ಸಿ, ನಾಳೆ ಬೆಳಗ್ಗೆ ನಿನ್ ಮರದ್ದು ಒಂದ್ ಬುಟ್ಟಿ ಅಂಜೂರ ಕೊಡ್ತೀಯ?”

“ಕೊಡ್ದೆ ಇರ್ತೀನಾ ತಂಗಿ?”

“ನಮ್ ಅಂಗಳದ ಬಾಗಿಲು ತೆಗ್ದಿರುತ್ತೆ. ಯಾರೂ ಆಚೆ ನೋಡ್ತಿರಲ್ಲ.”

ಸಾಸ್ಸಿ ಅವಳ ಮುಖ ನೋಡಿದ, ಎಳೇ ಗಿಡ ನೋಡಿದ. “ಇಷ್ಟು ಹೇಳಿದ್ರೆ ನನ್ ಕತ್ತೆಗೂ ಅರ್ಥ ಆಗುತ್ತೆ.”

“ಆಗ್ಬಾರ್ದು ಕಣಣ್ಣಾ. ಅದೇ ಮುಖ್ಯ.”

೬

ಬೆಳಗ್ಗೆ ಗಂಡಹೆಂಡಿರು ಮಂಚವನ್ನು ಗೋಡೆಯ ಕಡೆಗೆ ತಿರುಗಿಸಿದರು.

“ಯಾಕಮ್ಮಾ, ನಾನಿನ್ನೂ ಸತ್ತಿಲ್ಲ,” ಎಂದ ಹುವಾತು.

“ಬಾಯ್ಮುಚ್ಕೊಂಡು ಗೋಡೆ ನೋಡು.”

ಮೂವರೂ ಗೋಡೆ ನೋಡಿದರು. ನಾನೂ ತಿರುಗಿದೆ. ಓದುಗರೇ, ನೀವೂ. (ನನ್ನಂಥ ಕಥೆಗಾರರ ಮೇಲೆ ಒಂದು ಆಪಾದನೆಯುಂಟು: ಏನನ್ನೂ ಖಚಿತವಾಗಿ ಹೇಳುವುದಿಲ್ಲ, ಓದುಗರನ್ನು ಆಟ ಆಡಿಸುತ್ತಾರೆ ಎಂದು. ನಿಜವೇ. ಇಷ್ಟು ವರ್ಷದಲ್ಲಿ ಅದು ಒಬ್ಬರ ಉಪಯೋಗಕ್ಕೆ ಬಂದದ್ದು ಆ ಬೆಳಗ್ಗೆ ಮಾತ್ರ.) ಹಿಂದೆ ಬಾಗಿಲು ಕಿರುಗುಟ್ಟಿತು. ಗಾಳಿಯಿರಬಹುದು. ಎಲೆ ಅಲುಗಿತು. ಗುಬ್ಬಿಯಿರಬಹುದು.

ಸಾಸ್ಸಿ ಬುಟ್ಟಿ ತಂದು ಮಂಚದ ಮೇಲಿಟ್ಟ. ಎಲ್ಲವೂ ಒಂದೇ ಬಣ್ಣ, ಒಂದೇ ಗಾತ್ರ. ತಾಯಿಮರ ಮತ್ತು ಅದರ ಕಡ್ಡಿ. ರುಚಿಯಲ್ಲೂ ಬೇರೆ ತಿಳಿಯುವಂತಿಲ್ಲ. ಖ್ಲೀಫಾ ಬಾಯಿ ತೆರೆದ.

“ಕೇಳ್ಬೇಡ,” ಎಂದ ಸಾಸ್ಸಿ. ಹೋಗಿಬಿಟ್ಟ.

ಮೀಸ್ಕಾ ಒಂದನ್ನು ಬಿಡಿಸಿ ಮಗನ ಅಂಗೈಗಿಟ್ಟಳು. ಹುವಾತು ಹಣ್ಣಿನ ಪ್ರಾರ್ಥನೆ ಹೇಳಿದ. ವರ್ಷದ ಹೊಸ ಹಣ್ಣಾದ್ದರಿಂದ ಇನ್ನೊಂದನ್ನೂ ಹೇಳಬೇಕು: ನಮ್ಮನ್ನು ಬದುಕಿಸಿ, ಕಾಪಾಡಿ, ಈ ಕಾಲಕ್ಕೆ ತಂದು ಮುಟ್ಟಿಸಿದವನೇ, ನಿನಗೆ ಸ್ತೋತ್ರ. ‘ಬದುಕಿಸಿ’ ಎಂಬಲ್ಲಿ ಅವನು ನಿಂತ. ಯಾರೂ ಎತ್ತಿಕೊಡಲಿಲ್ಲ. ಉಸಿರು ತಂದುಕೊಂಡು ಪೂರ್ತಿ ಮಾಡಿದ. ‘ಆಮೇನ್’ ಎಂದವಳು ಮೀಸ್ಕಾ ಮಾತ್ರ. 

ಮಗ ಬಹಳ ಹೊತ್ತು ಚೀಪಿದ. ಬೀಜ ಹಲ್ಲಿಗೆ ಸಿಕ್ಕಿ ಕಟಕಟ ಅಂದಿತು.

“ಅಪ್ಪಾ, ಇದು ನಮ್ ಗಿಡದ್ದಾ?”

“ಗೊತ್ತಿಲ್ಲ ಕಣೋ.” ಜೀವಮಾನದಲ್ಲಿ ಆ ಮಾತನ್ನು ಅಷ್ಟು ಸಂತೋಷದಿಂದ ಅವನು ಹೇಳಿರಲಿಲ್ಲ.

“ಹಂಗಾದ್ರೆ ನಿನ್ ಸಾಲ ತೀರ್ತೋ ಇಲ್ವೋ?”

“ಅದೂ ಗೊತ್ತಿಲ್ಲ.”

“ತೀರಿಲ್ಲ ಬಿಡು,” ಎಂದ ಮಗ, ತುಟಿ ನೆಕ್ಕುತ್ತ. “ಅನುಮಾನದಲ್ಲಿ ನಾನ್ ಸಾಲ ಬಿಡೋನಲ್ಲ. ಮೂರು ವರ್ಷ ಆಗ್ಲಿ, ಗೊತ್ತಿರೋ ಹಣ್ಣೇ ಕೊಡು.”

೭

ನಾನು ಮುಕ್ತಾಯಗಳನ್ನು ಬರೆದಿದ್ದೆ. ಒಂದರಲ್ಲಿ ಖ್ಲೀಫಾ ಎದ್ದುಹೋಗಿ ಗಿಡ ನೋಡುತ್ತಾನೆ, ಹಣ್ಣೆಲ್ಲ ಹಾಗೇ ಇವೆ. ಇನ್ನೊಂದರಲ್ಲಿ ಒಂದು ತೊಟ್ಟಿನ ತುದಿಯಲ್ಲಿ ಬಿಳಿ ಹಾಲು ಜಿನುಗುತ್ತಿದೆ. ಮತ್ತೊಂದು ನಾಲ್ಕನೇ ಬೇಸಿಗೆಯದು. ಅದನ್ನು ಬರೆಯುವಾಗ ನನ್ನ ಕೈ ಗಡ್ಡಕ್ಕೆ ಹೋಯಿತು.

ಮೀಸ್ಕಾ ಹಾಳೆಗಳನ್ನು ಇಸಿದುಕೊಂಡು ಹೋಗಿ ಮೆಣಸಿನಕಾಯಿಗೆ ಹೊದಿಸಿ, ಮೇಲೆ ಕಲ್ಲಿಟ್ಟಳು. “ಧೂಳು ಬರ್ತಿತ್ತು. ಒಳ್ಳೇದಾಯ್ತು,” ಎಂದಳು.

ಅಂದಿನಿಂದ ಮಂಚ ಗೋಡೆಯ ಕಡೆಗೇ ಇದೆ, ಖ್ಲೀಫಾನೂ ಗಿಡವನ್ನು ನೋಡುವುದಿಲ್ಲ. ಕತ್ತು ಹೊರಳಿಸಿ ನೀರು ಹುಯ್ಯುತ್ತಾನೆ. ಅರ್ಧ ಪಾತಿಗೆ ಬೀಳುತ್ತದೆ, ಅರ್ಧ ಕಲ್ಲುಹಾಸಿನ ಇಳಿಜಾರು ಹಿಡಿದು ಜಗುಲಿಯತ್ತ ಹರಿಯುತ್ತದೆ.

“ಅಪ್ಪಾ,” ಗೋಡೆ ನೋಡುತ್ತಲೇ ಹುವಾತು ಕೂಗಿದ, “ನೀರು ನನ್ ಬುಡಕ್ಕೆ ಬರ್ತಿದೆ.”

“ಬರ್ಲಿ ಬಿಡೋ,” ಎಂದು ಖ್ಲೀಫಾ ಇನ್ನೊಂದು ಕೊಡ ಸೇದಲು ಹಗ್ಗ ಇಳಿಬಿಟ್ಟ.