ಅದ್ದು ಅಂದರೆ ಅದ್ದು

ಮಂಗಳಾಗೌರಿಯ ಚಿತ್ರದಲ್ಲಿ ದೊರೆಸಾನಿಯ ಬಿಳಿ ಗೌನು ಮೂರನೆಯ ಸಲವೂ ಬೂದಿಬಣ್ಣಕ್ಕೆ ತಿರುಗಿತು. ಮರದ ನೆರಳಲ್ಲಿ ಕುಳಿತ ಹೆಂಗಸಿನ ಹಳೆಯ ಫ್ರೆಂಚ್ ಚಿತ್ರವೊಂದನ್ನು ನಕಲು ಮಾಡುವುದೇ ಪಾಠ. ಮೂಲದಲ್ಲಿ ಗೌನಿನ ತುಂಬ ಎಲೆಸಂದಿಯ ಬಿಸಿಲು. ಇವಳದನ್ನು ನೆಲ ಸಾರಿಸಿದ ಬಟ್ಟೆಯಿಂದಲೇ ಹೊಲಿದಂತಿತ್ತು.

"ಆಕಿ ಅಂಗಿ ಒಗ್ಯಾಕ ಹಾಕಬೇಕು ನೋಡು," ಎಂದು ಗಂಡ ಪುಂಡಲೀಕ ನಕ್ಕಿದ್ದ. ಮಂಗಳಾಗೌರಿಗೆ ನಗು ಬರಲಿಲ್ಲ. ಅವನ ನೌಕಾಪಡೆಯ ಕೆಲಸಕ್ಕೆಂದು ಧಾರವಾಡ ಬಿಟ್ಟು ವಿಶಾಖಪಟ್ಟಣಕ್ಕೆ ಬಂದು ಎರಡು ವರ್ಷ. ಅವಳಿಗೂ ಒಂದು ಹೆಸರಿದೆ ಎಂಬುದೇ ಇಲ್ಲಿ ಯಾರಿಗೂ ಬೇಕಿರಲಿಲ್ಲ. ಕ್ವಾರ್ಟರ್ಸಿನಲ್ಲೆಲ್ಲ ಅವಳು ಪುಂಡಲೀಕರ ಮಿಸೆಸ್. ಋಷಿಕೊಂಡದ ಈ ಚಿತ್ರಕಲೆಯ ತರಗತಿಯಿಂದ ವಿಜಯವಾಡದ ಪ್ರದರ್ಶನಕ್ಕೆ ಹೋಗುವುದು ಒಂದೇ ಚಿತ್ರ. ಅದರ ಕೆಳಗೆ ತನ್ನ ಹೆಸರಿರಬೇಕೆಂದು ಅವಳಿಗೆ ಹಟ. ಆಯ್ಕೆ ಈ ಭಾನುವಾರವೇ.

ಕಲಿಸುವ ಸೀತಾಮಹಾಲಕ್ಷ್ಮಿಯವರಿಗೆ ತೆಲುಗೊಂದೇ ಗೊತ್ತು. ಬೂದಿ ಗೌನು ಕಂಡು ಹಣೆ ಚಚ್ಚಿಕೊಂಡರು. ಬಣ್ಣವನ್ನೆಲ್ಲ ಕೆರೆದು ತೆಗೆಸಿದರು.

"ರುದ್ದೊದ್ದಮ್ಮಾ! ಅದ್ದು, ಅದ್ದು!"

ಉಜ್ಜಬೇಡ ಎಂಬುದು ಕೈಸನ್ನೆಯಿಂದ ತಿಳಿಯಿತು. 'ಅದ್ದು' ಎಂಬುದಕ್ಕೆ ಸನ್ನೆ ಯಾಕೆ? ಅಚ್ಚ ಕನ್ನಡವಲ್ಲವೇ! ಸರಿ, ಅದ್ದಿದಳು. ಕುಂಚ ಒರೆಸಿ, ಬಿಳಿಯಲ್ಲಿ ಅದ್ದಿ ಒಂದು ಗುರುತು. ಮತ್ತೆ ಒರೆಸಿ, ನೀಲಿಯಲ್ಲಿ ಅದ್ದಿ ಇನ್ನೊಂದು. ಆಮೇಲೆ ನೇರಳೆ, ಚೂರು ಗುಲಾಬಿ. ಅದ್ದುವುದರಲ್ಲೇ ಹೊತ್ತು ಹೋಗಿ, ಉಜ್ಜಲು ಪುರಸೊತ್ತೇ ಸಿಗಲಿಲ್ಲ.

ಹಿಂದೆ ಬಳ್ಳಾರಿಯಲ್ಲಿ ಕೆಲಸ ಮಾಡಿದ್ದ ಸಹಪಾಠಿ ಚಂದ್ರಮೌಳಿ ನೋಡಿ ಗೊಳ್ಳೆಂದರು. "ಅಯ್ಯೋ, ತೆಲುಗಲ್ಲಿ ಬಣ್ಣ ಅದ್ದು ಅಂದ್ರೆ ಒತ್ತೊತ್ತಿ ಹಚ್ಚು ಅಂತಮ್ಮ! ಒಂದು ಸಲ ಬಣ್ಣ ತಗೊಂಡ್ರೆ ಹತ್ತು ಸಲ ಒತ್ತಬಹುದು."

ಮಂಗಳಾಗೌರಿಯ ಕಿವಿ ಕೆಂಪಾದವು. ಅಷ್ಟರಲ್ಲಿ ಸೀತಾಮಹಾಲಕ್ಷ್ಮಿ ಬಂದರು, ನೋಡಿದರು, ಹತ್ತು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡಿದರು. ಒಂದೊಂದು ಬಣ್ಣವೂ ಇನ್ನೊಂದರೊಡನೆ ಕಲಸಿಹೋಗದೆ ಪಕ್ಕದಲ್ಲಿ ಕುಳಿತು, ದೊರೆಸಾನಿಯ ಮಡಿಲಲ್ಲಿ ಬಿಸಿಲು ಬಿದ್ದಿತ್ತು. ನೆರಳೂ ಹೊಳೆಯುತ್ತಿತ್ತು.

ಇದನ್ನು ನಿನಗೆ ಯಾರು ಕಲಿಸಿದರೆಂದು ತೆಲುಗಿನಲ್ಲಿ ಕೇಳಿದರು.

"ಮೀರೇ, ಮೇಡಂ," ಎಂದಳು ಮಂಗಳಾಗೌರಿ. ನೀವೇ. ಸುಳ್ಳೇನಲ್ಲವಲ್ಲ!

ವಿಜಯವಾಡದ ಭವಾನಿಪುರಂನಲ್ಲಿ ಪ್ರದರ್ಶನ. ಪುಂಡಲೀಕ ಚಿತ್ರಕ್ಕೆ ಮೂಗು ತಾಗಿಸಿ, "ಬರೇ ಚುಕ್ಕಿ ಅದಾವಲ್ಲ?" ಎಂದ.

"ಹಿಂದ ಬರ್ರಿ," ಎಂದು ಅವಳು ಅಂಗಿ ಹಿಡಿದೆಳೆದಳು. ಹತ್ತನೆಯ ಹೆಜ್ಜೆಗೆ ಅವನ ಬಾಯಿ ಬಿಟ್ಟುಕೊಂಡಿತು. ಒಗೆಯುವ ಮಾತು ಮತ್ತೆ ಬರಲಿಲ್ಲ.

ಜನ ಸೇರುತ್ತಲೇ ಇದ್ದರು. ಕನ್ನಡಕದ ಹೆಂಗಸೊಬ್ಬರು ಚಿತ್ರದ ಕೆಳಗಿನ ಹೆಸರನ್ನು ಗಟ್ಟಿಯಾಗಿ ಓದಿ, ಬಿಟ್ಟ ಬಾಯಿ ಮುಚ್ಚದೆ ನಿಂತಿದ್ದ ಪುಂಡಲೀಕನತ್ತ ತಿರುಗಿದರು. "ಮೀರೆವರಂಡಿ?" ನೀವು ಯಾರು ಎಂದು.

ಅವನು ಎದೆ ಉಬ್ಬಿಸಿ, ತನಗೆ ಬರುವಷ್ಟು ತೆಲುಗಿಗೆ ಧಾರವಾಡ ಬೆರೆಸಿ ಹೇಳಿದ:

"ನೇನಾ? ಮಂಗಳಾಗೌರಿಗಾರಿ ಮಿಸ್ಟರ್ ರೀ!"